ದಂಡ ಕಟ್ಟಿ ಬಂದವರೂ ಅಪರಾಧಿಯೇ

ಬೆಳಗಾವಿ ಕೋರ್ಟಿನ ಆವರಣದಲ್ಲಿ ದಿನಕ್ಕೊಮ್ಮೆಯಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ: "ಸರ, ದಂಡ ಕಟ್ಟಿ ಬಿಟ್ಟೀವ್ರಿ. ಕೇಸ್ ಮುಗೀತು. ಶಿಕ್ಷಾ ಏನೂ ಆಗಿಲ್ಲ."

ಆಗಿದೆ ರೀ. ದಂಡವೂ ಶಿಕ್ಷೆಯೇ.

ಜೈಲಿಗೆ ಹೋದವನು ಅಪರಾಧಿ, ಹೋಗದವನು ಅಲ್ಲ ಎಂದು ಜನ ನಂಬಿದ್ದಾರೆ. ಕಾನೂನು ನೋಡುವುದು ಜೈಲನ್ನಲ್ಲ, ತೀರ್ಪನ್ನು. ಹಿಂಡಲಗಾ ಜೈಲಿನಲ್ಲಿ ಎರಡು ವರ್ಷ ಇದ್ದವನೂ ವಿಚಾರಣೆ ಮುಗಿಯುವ ತನಕ ಬರೀ ಆರೋಪಿ. ಒಂದು ದಿನವೂ ಜೈಲು ನೋಡದೆ, ನ್ಯಾಯಾಧೀಶರ ಮುಂದೆ "ತಪ್ಪಾಯ್ತು" ಎಂದು ಒಪ್ಪಿ 200 ರೂಪಾಯಿ ಕಟ್ಟಿದವನು ಅಪರಾಧಿ. ಇಂಗ್ಲಿಷಿನ ಕನ್ವಿಕ್ಟ್ ಎಂಬ ಪದ ಅವನಿಗೇ ಅನ್ವಯಿಸುತ್ತದೆ.

ಗೋಕಾಕ ಕಡೆಯ ಒಬ್ಬ ಹುಡುಗನ ಕತೆ ಕೇಳಿ. ದೀಪಾವಳಿಗೆ ಊರ ಕಟ್ಟೆ ಮೇಲೆ ಗೆಳೆಯರ ಜೊತೆ ಇಸ್ಪೀಟ್ ಆಡುತ್ತಿದ್ದ. ಬೀದಿಯಲ್ಲಿ ಜೂಜಾಡಿದರೆಂದು ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಕೆಳಗೆ ಕೇಸಾಯ್ತು. ಎಲ್ಲರೂ ಸೇರಿ ಲೋಕ ಅದಾಲತ್‌ನಲ್ಲಿ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು. ವರ್ಷಗಳ ಮೇಲೆ ಅವನಿಗೆ ಸರ್ಕಾರಿ ನೌಕರಿ ಸಿಕ್ಕಿತು. ಅರ್ಜಿಯಲ್ಲಿ "ಯಾವುದಾದರೂ ಕೋರ್ಟಿನಲ್ಲಿ ಶಿಕ್ಷೆಯಾಗಿದೆಯೇ?" ಎಂಬ ಪ್ರಶ್ನೆ ಇತ್ತು. "ಇಲ್ಲ" ಎಂದು ಬರೆದ. ಸುಳ್ಳು ಹೇಳುವ ಹುಡುಗನಲ್ಲ ಅವನು. ಶಿಕ್ಷೆಯಾಗಿಲ್ಲ ಎಂದೇ ನಂಬಿದ್ದ. ಪೊಲೀಸ್ ಪರಿಶೀಲನೆಯಲ್ಲಿ ಎಲ್ಲಾ ಹೊರಬಂತು, ನೇಮಕಾತಿ ನಿಂತಿತು. ಅವನ ಅವ್ವ ನನ್ನ ಮುಂದೆ ಕೂತು, "ನನ್ನ ಮಗ ಕೈದಿ ಏನ್ರಿ ಸಾಹೇಬ್ರ?" ಎಂದು ಅತ್ತರು. ಕೈದಿ ಅಲ್ಲ ತಾಯಿ, ಆದರೆ ಕಾಗದದ ಮೇಲೆ ಅಪರಾಧಿ. ಅದನ್ನು ಹೇಳುವಾಗ ನನ್ನ ಹೊಟ್ಟೆ ಉರಿಯಿತು.

ಲೋಕ ಅದಾಲತ್ ಎಂದರೆ ಎಲ್ಲವೂ ರಾಜಿ ಎಂದುಕೊಳ್ಳಬೇಡಿ. ರಾಜಿಗೆ ಅವಕಾಶವಿರುವ ಕೇಸಿನಲ್ಲಿ ಇಬ್ಬರೂ ರಾಜಿಯಾದರೆ ಅದು ಖುಲಾಸೆಗೆ ಸಮ. ತಪ್ಪೊಪ್ಪಿಗೆ ಹಾಗಲ್ಲ. ಒಪ್ಪಿದ ಮೇಲೆ ಮೇಲ್ಮನವಿಯ ದಾರಿಯೂ ಬಹಳ ಸಣ್ಣದು. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ ಪ್ರಕಾರ ಶಿಕ್ಷೆ ಜಾಸ್ತಿಯಾಯ್ತು, ಇಲ್ಲವೇ ಕಾನೂನಿನಂತಿಲ್ಲ ಎಂದಷ್ಟೇ ಕೇಳಬಹುದು. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ಪೊಲೀಸರಿಗೆ ಕಟ್ಟುವ ದಂಡ ಬೇರೆ ಸಂಗತಿ, ಅಲ್ಲಿ ಕೋರ್ಟಿನ ತೀರ್ಪಿಲ್ಲ, ಅದಕ್ಕೆ ಹೆದರಬೇಡಿ.

ಹಾಗಂತ ಎಲ್ಲ ಕೇಸನ್ನೂ ಕೊನೆತನಕ ನಡೆಸಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ಕೇಸಿನ ಸಂಗತಿ ಬೇರೆ. ತಪ್ಪು ಒಪ್ಪುವ ಮೊದಲು 1958ರ ಪ್ರೊಬೇಷನ್ ಕಾಯ್ದೆಯ ಲಾಭ, ಅಂದರೆ ಶಿಕ್ಷೆಯ ಬದಲು ಎಚ್ಚರಿಕೆ ಕೊಟ್ಟು ಇಲ್ಲವೇ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು, ಸಿಗುತ್ತದಾ ಎಂದು ನಿಮ್ಮ ವಕೀಲರನ್ನು ಕೇಳಿ. ಸಿಕ್ಕರೂ ತೀರ್ಪು ಅಳಿಯುವುದಿಲ್ಲ, ಆದರೆ ಆ ತೀರ್ಪಿನಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಅರ್ಜಿಯಲ್ಲಿ ಕೇಳಿದ್ದರೆ ಇದ್ದದ್ದನ್ನೇ ಬರೆಯಿರಿ. ಸಣ್ಣ ಕೇಸನ್ನು ಬರೆಯದೆ ಬಿಟ್ಟಿದ್ದರೂ ನೌಕರಿ ಕೊಡುವವರು ಅದನ್ನು ಮನ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಮನ್ನಿಸಲೇಬೇಕು ಎಂದಿಲ್ಲ.

ಅದೇ ತೀರ್ಪನ್ನು ಹಿಡಿದು ಹುಡುಗನ ಪರವಾಗಿ ಮನವಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಹೋದ ವಾರ ಅವನು ತಮ್ಮನನ್ನೂ ಕರೆತಂದಿದ್ದ. ಹೊಲದ ಬದುವಿನ ಜಗಳ, ತಮ್ಮನ ಮೇಲೂ ಒಂದು ಕೇಸ್. "ದಂಡ ಕಟ್ಟೋದ ಬ್ಯಾಡ್ರಿ ಸರ," ಎಂದ ಅಣ್ಣ, "ರಾಜಿ ಆಗತೈತೇನ ನೋಡ್ರಿ."