ಚೀಟಿಯಿಂದ ನಾಣ್ಯದವರೆಗೆ: ವಿಭಕ್ತಿ ಬಲ್ಲವರಿಗೆ ಲ್ಯಾಟಿನ್‌ನ ಮೊದಲ ಟಿಪ್ಪಣಿ

ದಾವಣಗೆರೆಯ ಔಷಧದಂಗಡಿಯೊಂದರಲ್ಲಿ ನನ್ನ ಕೆಲಸ. ಬೆಳಗಿನಿಂದ ರಾತ್ರಿಯ ತನಕ ಡಾಕ್ಟರ ಚೀಟಿ ಓದಬೇಕು. ಹೋದ ವರ್ಷ ಒಂದು ಮಧ್ಯಾಹ್ನ ಹಳ್ಳಿಯಿಂದ ಬಂದ ಅಜ್ಜ ಮಾತ್ರೆಯ ಪಟ್ಟಿ ಹಿಡಿದು ಕೇಳಿದ: "ಯವ್ವಾ, ಇವು ಉಂಡ ಮ್ಯಾಲೋ, ಉಣ್ಣಾಕ್ ಮುಂಚೇನೋ?" ಚೀಟಿ ನೋಡಿ "ಉಂಡ ಮೇಲೆ ಅಜ್ಜಾ" ಅಂದೆ. ಚೀಟಿಯಲ್ಲಿದ್ದದ್ದು ಪಿ.ಸಿ. ಎಂಬ ಎರಡೇ ಅಕ್ಷರ. ಡಿ.ಫಾರ್ಮಾದಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ, ಬಿಡಿಸಿ ನೋಡಿರಲಿಲ್ಲ. ಅವತ್ತು ರಾತ್ರಿ ಬಿಡಿಸಿದೆ: ಪೊಸ್ತ್ ಕಿಬುಮ್. ಕಿಬುಸ್ ಅಂದರೆ ಊಟ. ‘ಪೊಸ್ತ್’ ಎಂಬ ಪದ ತನ್ನ ಮುಂದಿನ ನಾಮಪದವನ್ನು ದ್ವಿತೀಯಾ ವಿಭಕ್ತಿಯಲ್ಲಿ ಕೇಳುತ್ತದೆ, ಹಾಗಾಗಿ ಕಿಬುಸ್ ಹೋಗಿ ಕಿಬುಮ್ ಆಗಿದೆ. ಪದದ ಬಾಲ ಬದಲಾದರೆ ಅರ್ಥ ಬದಲಾಗುವ ಭಾಷೆ ಇದು ಎಂದು ತಿಳಿದಾಗ ನನಗೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ.

ಅಲ್ಲಿಂದ ಶುರುವಾದ ಕಲಿಕೆಯ ಟಿಪ್ಪಣಿ ಇದು. ನನ್ನ ಹಾಗೆ ಏನೂ ಗೊತ್ತಿಲ್ಲದೆ ಲ್ಯಾಟಿನ್ ಹಿಡಿಯುವವರಿಗೆ ನಾನು ಒತ್ತಿ ಹೇಳುವುದು ಒಂದೇ ಮಾತು: ಇಂಗ್ಲಿಷನ್ನು ನಡುವೆ ಕೂರಿಸಿಕೊಳ್ಳಬೇಡಿ. ಲ್ಯಾಟಿನ್ ವಾಕ್ಯವನ್ನು ನೇರವಾಗಿ ಕನ್ನಡಕ್ಕೆ ತನ್ನಿ. ನಾನು ಮೊದಲ ಎರಡು ತಿಂಗಳು ಇಂಗ್ಲಿಷ್ ಪಾಠಗಳನ್ನೇ ನಂಬಿದ್ದೆ. ವಿಭಕ್ತಿ ಎಂದರೇನು ಎಂದು ಅವು ಅಧ್ಯಾಯಗಟ್ಟಲೆ ವಿವರಿಸುತ್ತವೆ, ಯಾಕೆಂದರೆ ಇಂಗ್ಲಿಷ್ ನಾಮಪದದಲ್ಲಿ ವಿಭಕ್ತಿ ಹೆಚ್ಚುಕಡಿಮೆ ಸವೆದುಹೋಗಿದೆ. ನಮಗೆ ಆ ವಿವರಣೆ ಬೇಕಿಲ್ಲ. ನಮಗೆ ಬೇಕಾದ ವಿವರಣೆ ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ವಾಕ್ಯ ನೋಡಿ: ಅಗ್ರಿಕೊಲ ಪುಎಲ್ಲೈ ರೊಸಮ್ ದತ್. ಅಗ್ರಿಕೊಲ ರೈತ, ಪುಎಲ್ಲ ಹುಡುಗಿ, ರೊಸ ಗುಲಾಬಿ, ದತ್ ಎಂದರೆ ಕೊಡುತ್ತಾನೆ. ಪದದ ಕೆಳಗೆ ಪದ ಇಟ್ಟರೆ ‘ರೈತ ಹುಡುಗಿಗೆ ಗುಲಾಬಿಯನ್ನು ಕೊಡುತ್ತಾನೆ’. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಕ್ರಿಯಾಪದ ಕೊನೆಗೆ ಬರುವುದು ಲ್ಯಾಟಿನ್ ಗದ್ಯದಲ್ಲಿ ಸಾಮಾನ್ಯ. ಜಾಗ ಬದಲಿಸಿ ‘ರೊಸಮ್ ಪುಎಲ್ಲೈ ಅಗ್ರಿಕೊಲ ದತ್’ ಎಂದರೂ ಕೊಡುವವನು ರೈತನೇ, ನಾವು ‘ಗುಲಾಬಿಯನ್ನು ಹುಡುಗಿಗೆ ರೈತ ಕೊಡುತ್ತಾನೆ’ ಅಂದ ಹಾಗೆ.

ರೊಸ ಪದದ ಏಕವಚನ ರೂಪಗಳನ್ನು ನಮ್ಮ ಹೆಸರುಗಳಲ್ಲೇ ಬರೆದುಕೊಳ್ಳಿ. ಪ್ರಥಮಾ ರೊಸ, ದ್ವಿತೀಯಾ ರೊಸಮ್, ಚತುರ್ಥೀ ರೊಸೈ, ಷಷ್ಠೀ ಕೂಡ ರೊಸೈ. ಉಳಿದದ್ದು ಒಂದೇ ರೂಪ, ರೊಸಾ. ಇಂಗ್ಲಿಷ್ ಪುಸ್ತಕಗಳು ಇದನ್ನು ಅಬ್ಲೇಟಿವ್ ಎನ್ನುತ್ತವೆ. ಇದರ ಬಗ್ಗೆ ಹೊಸಬರು ಬಹಳ ಹೆದರುತ್ತಾರೆ, ಯಾಕೆಂದರೆ ತೃತೀಯಾ, ಪಂಚಮೀ, ಮತ್ತು ಸಪ್ತಮಿಯ ದೊಡ್ಡ ಪಾಲು ಎಲ್ಲವನ್ನೂ ಈ ಒಂದೇ ರೂಪ ಹೊತ್ತಿದೆ. ಗ್ಲದಿಯೋ ಎಂದರೆ ಕತ್ತಿಯಿಂದ. ರೋಮಾ ವೆನಿತ್ ಎಂದರೆ ರೋಮಿನಿಂದ ಬರುತ್ತಾನೆ.

ಕನ್ನಡದವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಶಾಲೆಯಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಕಲಿಸಿದರು. ಆದರೆ ‘ದಾವಣಗೆರೆಯ ದೆಸೆಯಿಂದ ಬಂದೆ’ ಎಂದು ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ದಾವಣಗೆರೆಯಿಂದ ಬಂದೆ, ಕುಡುಗೋಲಿನಿಂದ ಕೊಯ್ದೆ. ಹೊರಟ ಜಾಗಕ್ಕೂ ಹಿಡಿದ ಸಾಧನಕ್ಕೂ ನಮ್ಮ ಬಾಯಲ್ಲಿ ಒಂದೇ ‘ಇಂದ’. ಲ್ಯಾಟಿನ್ನೂ ಅಷ್ಟೇ ಮಾಡಿದೆ. ಇದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು.

ಸಪ್ತಮಿಯ ಅರ್ಥಕ್ಕೆ ಉದಾಹರಣೆ ಮತ್ತೆ ಚೀಟಿಯಲ್ಲೇ ಇದೆ. ಎಚ್.ಎಸ್. ಎಂದು ಬರೆದರೆ ಹೋರಾ ಸೊಮ್ನೀ. ಹೋರಾ ‘ಹೊತ್ತಿನಲ್ಲಿ’, ಸೊಮ್ನೀ ‘ನಿದ್ದೆಯ’. ಮಲಗುವ ಹೊತ್ತಿನಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆ. ಬಿ.ಡಿ. ಎಂದರೆ ಬಿಸ್ ದಿಯೇ, ದಿನದಲ್ಲಿ ಎರಡು ಸಲ. ಟಿ.ಡಿ.ಎಸ್. ಎಂದರೆ ತೆರ್ ದಿಯೇ ಸೂಮೆಂದುಮ್, ದಿನದಲ್ಲಿ ಮೂರು ಸಲ ತೆಗೆದುಕೊಳ್ಳತಕ್ಕದ್ದು. ಈ ‘ತಕ್ಕದ್ದು’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸರ್ಕಾರಿ ಸುತ್ತೋಲೆಯಲ್ಲಿ ‘ಹಾಜರಾಗತಕ್ಕದ್ದು’ ಎಂದು ಬರೆಯುತ್ತಾರಲ್ಲ, ಲ್ಯಾಟಿನ್‌ನ ಎಂದುಮ್, ಅಂದುಮ್ ಪ್ರತ್ಯಯಕ್ಕೆ ಅದಕ್ಕಿಂತ ಹತ್ತಿರದ ಅನುವಾದ ನನಗೆ ಸಿಕ್ಕಿಲ್ಲ. ಮೆಮೊರಾಂಡಮ್ ನೆನಪಿಡತಕ್ಕದ್ದು. ಟೆಂಡರ್ ಪ್ರಕಟಣೆಯ ಕೆಳಗೆ ಬರುವ ಕೊರಿಜೆಂಡಮ್ ತಿದ್ದತಕ್ಕದ್ದು. ಅಜೆಂಡಾ ಬಹುವಚನ: ಮಾಡತಕ್ಕವು.

ಎಸ್.ಓ.ಎಸ್. ಎಂದು ಚೀಟಿಯಲ್ಲಿದ್ದರೆ ಅದು ಹಡಗಿನವರ ಅಪಾಯದ ಕೂಗಲ್ಲ. ಸೀ ಒಪುಸ್ ಸಿತ್, ಅಗತ್ಯ ಬಿದ್ದರೆ. ಇನ್ನು ಚೀಟಿಯ ತಲೆಯ ಮೇಲೆ ಕಾಲಿಗೆ ಅಡ್ಡಗೆರೆ ಎಳೆದ ಆರ್ ಅಕ್ಷರ ಇರುತ್ತದಲ್ಲ, ಅದು ರೆಕಿಪೆ, ‘ತೆಗೆದುಕೋ’ ಎಂಬ ವಿಧ್ಯರ್ಥಕ. ಹಿಂದೆ ಡಾಕ್ಟರು ಹೇಳಿದ ವಸ್ತುಗಳನ್ನು ತೂಗಿ ಅರೆದು ಔಷಧ ಮಾಡುತ್ತಿದ್ದವನಿಗೆ ಆ ಮಾತು. ಅಂದರೆ ಚೀಟಿಯ ಮೊದಲ ಪದ ರೋಗಿಗೆ ಹೇಳಿದ್ದಲ್ಲ, ಕೌಂಟರಿನ ಈಚೆ ನಿಂತ ನಮಗೆ ಹೇಳಿದ್ದು. ಇಷ್ಟು ವರ್ಷ ಆ ಕರೆ ನನಗೇ ಬರುತ್ತಿತ್ತು ಎಂದು ತಿಳಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಉಚ್ಚಾರಣೆಗೆ ಬರೋಣ. ಲ್ಯಾಟಿನ್‌ನಲ್ಲಿ ಐದು ಸ್ವರ, ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ. ರೋಮನ್ ಲಿಪಿ ಈ ಭೇದವನ್ನು ತೋರಿಸುವುದಿಲ್ಲ, ಕಲಿಯುವವರ ಪುಸ್ತಕದಲ್ಲಿ ಮಾತ್ರ ಅಕ್ಷರದ ತಲೆಯ ಮೇಲೆ ಗೆರೆ ಎಳೆದಿರುತ್ತಾರೆ. ನಾನು ಆ ಗೆರೆಯನ್ನು ಎರಡು ತಿಂಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಕಲಿತ ಪದಗಳನ್ನೆಲ್ಲ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ವೆನಿತ್ ಎಂದರೆ ಬರುತ್ತಾನೆ, ವೇನಿತ್ ಎಂದರೆ ಬಂದನು. ಲಿಬೆರ್ ಪುಸ್ತಕ, ಲೀಬೆರ್ ಸ್ವತಂತ್ರ. ಮಲುಮ್ ಕೇಡು, ಮಾಲುಮ್ ಸೇಬು. ಅನುಸ್ ಮುದುಕಿ, ಅನ್ನುಸ್ ವರ್ಷ. ಕನ್ನಡ ಲಿಪಿ ಇಲ್ಲಿ ಎಷ್ಟು ಅನುಕೂಲ ನೋಡಿ. ಎ, ಏ, ಒ, ಓ ನಾಲ್ಕೂ ನಮ್ಮಲ್ಲಿ ಬೇರೆ ಬೇರೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ನಮಗೆ ಇವೆ, ಒತ್ತಕ್ಷರವೂ ಇದೆ. ಆದ್ದರಿಂದ ಮೊದಲ ಮೂರು ತಿಂಗಳು ಪ್ರತಿ ಹೊಸ ಪದವನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿಯೂ ಬರೆಯಿರಿ. ಹಳೆಯ ರೋಮನ್ನರ ಉಚ್ಚಾರಣೆಯಲ್ಲಿ ಸಿ ಅಕ್ಷರ ಯಾವಾಗಲೂ ‘ಕ’. ಸೀಸರ್ ಅಲ್ಲ, ಕೈಸರ್. ಚರ್ಚಿನ ಉಚ್ಚಾರಣೆ ಇದಕ್ಕಿಂತ ಬೇರೆ, ಯಾವುದಾದರೂ ಒಂದನ್ನು ಹಿಡಿದುಕೊಂಡರೆ ಸಾಕು.

ಎರಡು ಸಣ್ಣ ಪ್ರತ್ಯಯಗಳು ನನಗೆ ಬಹಳ ಇಷ್ಟ. ಒಂದು ‘ಕ್ವೆ’. ಸೆನಾತುಸ್ ಪೊಪುಲುಸ್‌ಕ್ವೆ ಎಂದರೆ ಸೆನೆಟೂ ಜನರೂ. ನಮ್ಮ ‘ಊ’ ಎರಡೂ ಪದಗಳಿಗೆ ಅಂಟಿದರೆ ಅವರ ‘ಕ್ವೆ’ ಎರಡನೆಯದಕ್ಕೆ ಮಾತ್ರ. ಇನ್ನೊಂದು ‘ನೆ’. ವೆನಿತ್‌ನೆ ಎಂದರೆ ಬರುತ್ತಾನೆಯೇ? ಪ್ರಶ್ನೆಯನ್ನು ಪದದ ಬಾಲಕ್ಕೆ ಕಟ್ಟುವ ಕ್ರಮ ನಮಗೆ ಹುಟ್ಟಿನಿಂದ ಬಂದದ್ದು.

ಇಷ್ಟೆಲ್ಲ ಹೊಂದಿಕೆ ಇದೆ ಎಂದು ಎರಡೂ ಒಂದೇ ಕುಲದ ಭಾಷೆಗಳು ಎಂದುಕೊಳ್ಳಬೇಡಿ. ಇಗ್ನಿಸ್ ಮತ್ತು ಅಗ್ನಿ, ಸೆಪ್ತೆಮ್ ಮತ್ತು ಸಪ್ತ ನಿಜಕ್ಕೂ ದಾಯಾದಿಗಳು, ಆದರೆ ಆ ನೆಂಟಸ್ತಿಕೆ ಸಂಸ್ಕೃತದ್ದು. ಕನ್ನಡ ದ್ರಾವಿಡ ಭಾಷೆ. ನಮ್ಮ ಬೆಂಕಿಗೂ ಏಳಕ್ಕೂ ಅಲ್ಲಿ ನೆಂಟರಿಲ್ಲ.

ಈಗ ನಮಗೆ ನಿಜವಾಗಿ ಕಷ್ಟವಾಗುವ ವಿಷಯ: ಲಿಂಗ. ಕನ್ನಡದಲ್ಲಿ ಮರ, ಕಲ್ಲು, ಮೇಜು ಎಲ್ಲ ನಪುಂಸಕ, ಯೋಚಿಸುವ ಮಾತೇ ಇಲ್ಲ. ಲ್ಯಾಟಿನ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಯುದ್ಧ ನಪುಂಸಕಲಿಂಗ. ಅದರ ಮೇಲೆ ಗುಣವಾಚಕವೂ ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ಬದಲಾಗಬೇಕು. ನಮ್ಮ ‘ದೊಡ್ಡ’ ಎಲ್ಲಿಟ್ಟರೂ ‘ದೊಡ್ಡ’ವೇ. ಅಲ್ಲಿ ಮಗ್ನುಸ್, ಮಗ್ನ, ಮಗ್ನುಮ್, ಮಗ್ನಮ್ ಎಂದು ಸಾಲೇ ಇದೆ.

ನನಗೆ ಇದನ್ನು ಕಲಿಸಿದ್ದು ಮರಗಳು. ನಮ್ಮ ಊರು ಚಿತ್ರದುರ್ಗ. ಭಾನುವಾರ ಊರಿಗೆ ಹೋದಾಗ ದಾರಿಯ ಗಿಡಮರಗಳ ಸಸ್ಯಶಾಸ್ತ್ರೀಯ ಹೆಸರು ಹೇಳಿಕೊಂಡು ಹೋಗುತ್ತೇನೆ. ಸಸ್ಯಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ನೆಲೆಗೊಂಡಿತು. ಎರಡನೆಯ ಪದ ಗುಣವಾಚಕವಾಗಿದ್ದರೆ ಮೊದಲನೆಯದರ ಲಿಂಗಕ್ಕೆ ಹೊಂದಲೇಬೇಕು. ಶ್ರೀಗಂಧ ಸಾಂತಲುಮ್ ಅಲ್ಬುಮ್, ನಪುಂಸಕ. ಸೂರ್ಯಕಾಂತಿ ಹೆಲಿಯಾಂಥುಸ್ ಅನ್ನುವುಸ್, ಪುಲ್ಲಿಂಗ. ಹುಣಸೆ ತಮರಿಂದುಸ್ ಇಂಡಿಕಾ. ಮೊದಲ ಪದ ‘ಉಸ್’ ಎಂದು ಮುಗಿದರೂ ಎರಡನೆಯದು ‘ಇಂಡಿಕುಸ್’ ಅಲ್ಲ, ಇಂಡಿಕಾ. ಅರಳಿಯೂ ಹಾಗೆಯೇ: ಫಿಕುಸ್ ರೆಲಿಗಿಯೋಸ. ರೋಮನ್ನರಿಗೆ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗ, ಸಸ್ಯಶಾಸ್ತ್ರಜ್ಞರೂ ಆ ರೂಢಿಯನ್ನು ಉಳಿಸಿಕೊಂಡಿದ್ದಾರೆ. ಮೊದಲ ವಾಕ್ಯದ ಅಗ್ರಿಕೊಲ ಇದಕ್ಕೆ ಸರಿಯಾಗಿ ತಿರುವುಮುರುವು. ‘ಅ’ ಎಂದು ಮುಗಿದರೂ ಪುಲ್ಲಿಂಗ, ಒಳ್ಳೆಯ ರೈತ ಬೊನುಸ್ ಅಗ್ರಿಕೊಲ. ಆದ್ದರಿಂದ ನಾಮಪದವನ್ನು ಒಂಟಿಯಾಗಿ ಉರು ಹೊಡೆಯಬೇಡಿ, ಜೊತೆಗೊಂದು ಗುಣವಾಚಕ ಕಟ್ಟಿ ಇಟ್ಟುಕೊಳ್ಳಿ.

ಕ್ರಿಯಾಪದದ ಪಟ್ಟಿಗಳನ್ನು ಈ ಟಿಪ್ಪಣಿಯಲ್ಲಿ ಕೊಡುತ್ತಿಲ್ಲ. ಒಂದೇ ಸೂಚನೆ: ‘ಬಂದೆ’ ಎಂದರೆ ನಾನು ಎಂದು ಹೇಳಬೇಕಿಲ್ಲದ ಹಾಗೆ ಅಲ್ಲಿಯೂ ಕರ್ತೃ ಕ್ರಿಯಾಪದದೊಳಗೇ ಇರುತ್ತಾನೆ. ಆದರೆ ಅವನೋ ಅವಳೋ ಎಂಬುದು ಅದರಲ್ಲಿ ಕಾಣುವುದಿಲ್ಲ. ವೇನಿತ್ ಎಂದರೆ ಬಂದ, ಬಂದಳು, ಬಂತು ಮೂರೂ ಹೌದು.

ಕೊನೆಗೆ ನಾಣ್ಯ. ಚಿತ್ರದುರ್ಗದ ಕೋಟೆಬೆಟ್ಟದ ಬುಡದಲ್ಲೇ ಚಂದ್ರವಳ್ಳಿ. ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಇರುವ ಜಾಗ. ಎಂ.ಎಚ್. ಕೃಷ್ಣ ಮತ್ತು 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ಈ ನೆಲೆಯಲ್ಲಿ ರೋಮಿನ ಔಗುಸ್ತುಸ್ ಮತ್ತು ತಿಬೆರಿಯುಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ತಿಬೆರಿಯುಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ಬೆಳ್ಳಿ ನಾಣ್ಯಗಳಲ್ಲಿ ಅತಿ ಸಾಮಾನ್ಯವಾದದ್ದರ ಮೇಲೆ ತಲೆಯ ಸುತ್ತ ಇರುವ ಬರಹ, ಸಂಕ್ಷೇಪ ಬಿಡಿಸಿದರೆ, ಹೀಗೆ: ತಿಬೆರಿಯುಸ್ ಕೈಸರ್ ದೀವೀ ಔಗುಸ್ತೀ ಫೀಲಿಯುಸ್ ಔಗುಸ್ತುಸ್. ‘ಉ’ಗೂ ‘ವ’ಗೂ ನಾಣ್ಯದ ಮೇಲೆ ಒಂದೇ ಅಕ್ಷರ, ಅದೊಂದು ಗೊತ್ತಿರಲಿ. ಫೀಲಿಯುಸ್ ಎಂದರೆ ಮಗ. ಯಾರ ಮಗ? ಷಷ್ಠಿಯಲ್ಲಿ ಎರಡು ಪದ ಜೊತೆಗಿವೆ, ದೀವೀ ಔಗುಸ್ತೀ, ದೈವವಾದ ಔಗುಸ್ತುಸನ. ಆಮೇಲೆ ಅದೇ ಹೆಸರು ಪ್ರಥಮೆಯಲ್ಲಿ, ಔಗುಸ್ತುಸ್. ಒಮ್ಮೆ ದತ್ತು ತೆಗೆದುಕೊಂಡ ತಂದೆಯ ಹೆಸರು, ಇನ್ನೊಮ್ಮೆ ತಾನೇ ಧರಿಸಿದ ಬಿರುದು. ಬೇರ್ಪಡಿಸುವುದು ಪದದ ಬಾಲ ಮಾತ್ರ.

ನಾಣ್ಯದ ಹಿಂಬದಿಯಲ್ಲಿ ಎರಡು ಪದ: ಪೊಂತಿಫೆಕ್ಸ್ ಮಾಕ್ಸಿಮುಸ್. ಮೊದಲನೆಯದು ಪುರೋಹಿತ, ಎರಡನೆಯದು ಎಲ್ಲರಿಗಿಂತ ದೊಡ್ಡ. ‘ಹಿರಿಯ ಪುರೋಹಿತನ’ ಎಂದು ಷಷ್ಠಿಗೆ ತಿರುಗಿಸಿ ನೋಡಿ. ಪೊಂತಿಫೆಕ್ಸ್ ಷಷ್ಠಿಯಲ್ಲಿ ಪೊಂತಿಫಿಕಿಸ್ ಆಗುತ್ತದೆ. ಮಾಕ್ಸಿಮುಸ್ ಏನಾಗುತ್ತದೆ ಎಂಬುದಕ್ಕೆ ಬೇಕಾದ ಸುಳಿವು ಮುಂಬದಿಯ ಬರಹದಲ್ಲೇ ಇದೆ.