ಸ್ತೂಪದ ‘ಪ’ಕಾರ ಎಲ್ಲಿ ಉಳಿಯಿತು: ಒಂದು ಚೀನೀ ಅಕ್ಷರದ ಟಿಪ್ಪಣಿ

ಮ್ಯಾಂಡರಿನ್‌ನಲ್ಲಿ ‘ಥಾ’, ಜಪಾನಿಯಲ್ಲಿ ‘ತೋ’, ಕೊರಿಯನ್ ಮತ್ತು ವಿಯೆಟ್ನಾಮಿಯಲ್ಲಿ ‘ಥಾಪ್’. ನಾಲ್ಕೂ ಒಂದೇ ಅಕ್ಷರದ ಓದು, ಅರ್ಥ ಗೋಪುರ. ಯೂನಿಕೋಡ್‌ನಲ್ಲಿ ಇದರ ಸಂಖ್ಯೆ U+5854. ಫೋನಿನಲ್ಲಿ ಹುಡುಕಿ, ದೊಡ್ಡದು ಮಾಡಿ ಮುಂದಿಟ್ಟುಕೊಂಡು ಓದಿದರೆ ಕೆಳಗಿನದು ಸುಲಭವಾಗುತ್ತದೆ. ಮೂಲ ಪದ ನಮಗೆ ಹೊಸದಲ್ಲ: ಸಂಸ್ಕೃತದ ಸ್ತೂಪ, ಪಾಳಿಯ ಥೂಪ.

ಮೊದಲು ಬರೆಯುವ ಕ್ರಮ. ಒಟ್ಟು 12 ಗೆರೆ. ಮೂರು ಮೂರರ ನಾಲ್ಕು ಗುಂಪು ಮಾಡಿಕೊಂಡರೆ ತಪ್ಪುವುದಿಲ್ಲ. ಎಡಗಡೆ ‘ಮಣ್ಣು’: ಅಡ್ಡ, ಉದ್ದ, ಮತ್ತೆ ಅಡ್ಡ. ಬಿಡಿಯಾಗಿ ಬರೆಯುವಾಗ ಮಟ್ಟಸವಾಗಿರುವ ಈ ಮೂರನೆಯ ಗೆರೆ ಇಲ್ಲಿ ಎಡದಿಂದ ಬಲಕ್ಕೆ ಓರೆಯಾಗಿ ಮೇಲೇರಬೇಕು. ಬಲಗಡೆ ಮೇಲೆ ‘ಹುಲ್ಲು’: ಒಂದು ಅಡ್ಡ, ಎರಡು ಗಿಡ್ಡ ಉದ್ದ. ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಳಿಜಾರು, ಸೂರಿನ ಹಾಗೆ. ಸೂರಿನಡಿ ಒಂದು ಗಿಡ್ಡ ಅಡ್ಡಗೆರೆ. ಕೊನೆಗೆ ‘ಬಾಯಿ’, ಅಂದರೆ ಮೂರು ಗೆರೆಯ ಚೌಕ. ಹೊಸಬರು ಮರೆಯುವುದು ಸೂರಿನಡಿಯ ಆ ಗಿಡ್ಡ ಗೆರೆಯನ್ನೇ. ಹುಲ್ಲನ್ನು ಮಣ್ಣಿನ ಮೇಲೂ ಎಳೆಯುವುದು ಇನ್ನೊಂದು ತಪ್ಪು. ಅದು ಬಲಭಾಗದ ಟೋಪಿ ಮಾತ್ರ. ತೈವಾನಿನ ನಿಘಂಟಿನಲ್ಲಿ 12 ಗೆರೆಯ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಹುಲ್ಲಿಗೆ ನಾಲ್ಕು ಗೆರೆ, ಒಟ್ಟು 13.

ಎಡಭಾಗ ಅರ್ಥಕ್ಕೆ, ಬಲಭಾಗ ಉಚ್ಚಾರಣೆಗೆ. ಬಲಭಾಗ ಬಿಡಿಯಾಗಿದ್ದಾಗ ಒಂದು ಸಣ್ಣ ಕಾಳಿನ ಹೆಸರು. ಗೋಪುರಕ್ಕೂ ಕಾಳಿಗೂ ನಂಟು ಹುಡುಕಬೇಡಿ. ‘ಹುಲ್ಲಿನಡಿ ಬಾಯಿ ತೆರೆದ ಮನುಷ್ಯ’ ಎಂಬಂಥ ನೆನಪಿನ ಕತೆಗಳನ್ನು ಆ್ಯಪ್‌ಗಳು ಕಟ್ಟುತ್ತವೆ. ಪರೀಕ್ಷೆಗೆ ಸರಿ, ವ್ಯುತ್ಪತ್ತಿ ಎಂದು ನಂಬಬಾರದು. ಮಣ್ಣಿಗೆ ಮಾತ್ರ ಅರ್ಥವಿದೆ. ಚೀನಾದಲ್ಲಿ ಮರದ ಗೋಪುರಗಳೂ ಇವೆ, ಶಾನ್‌ಶಿ ಪ್ರಾಂತ್ಯದ ಯಿಂಗ್‌ಶಿಯನ್‌ನಲ್ಲಿ 1056ರದ್ದು ಸುಮಾರು 67 ಮೀಟರ್ ಎತ್ತರಕ್ಕೆ ಇನ್ನೂ ನಿಂತಿದೆ. ಆದರೂ ಅಕ್ಷರದಲ್ಲಿರುವುದು ಮರವಲ್ಲ, ಮಣ್ಣು. ಸ್ತೂಪವೆಂದರೆ ಮೊದಲಿಗೆ ದಿಬ್ಬ ತಾನೆ? ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯ ಸ್ತೂಪವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಅಕ್ಷರ ಬೌದ್ಧಧರ್ಮದ ಜೊತೆ ಹುಟ್ಟಿದ್ದು. ಕ್ರಿ.ಶ. 100ರ ಸುಮಾರಿಗೆ ಷು ಷೆನ್ ಮುಗಿಸಿದ ‘ಷುವೊವೆನ್’ ನಿಘಂಟಿನಲ್ಲಿ ಇದಿಲ್ಲ. 986ರಲ್ಲಿ ಷು ಷುವಾನ್ ಅದನ್ನು ಪರಿಷ್ಕರಿಸಿದಾಗ ಹೊಸ ಅಕ್ಷರಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ. ಎರಡಕ್ಷರದ ಥೂಪಕ್ಕೆ ಮೊದಲು ಎರಡು ಲಿಪಿಚಿಹ್ನೆ ಜೋಡಿಸಿದ್ದರು, ‘ಥಾಪ್‌-ಬಾ’ ಎಂಬಂತೆ. ಬಳಕೆಯಲ್ಲಿ ಬಾಲ ಉದುರಿ ತಲೆಯೊಂದೇ ಉಳಿಯಿತು. ಥೂಪದ ಊಕಾರ ಆಕಾರವಾದದ್ದು ಕಣ್ಣಿಗೆ ಬೀಳುತ್ತದೆ. ಸ್ವರ ಕೂಡುವುದಿಲ್ಲ, ಆದರೆ ಎರಡೂ ವ್ಯಂಜನ ಸರಿಯಾಗಿ ಕೂಡುತ್ತವೆ. ನಮ್ಮ ಇಮ್ಮಡಿ ಪುಲಕೇಶಿಯ ಕಾಲಕ್ಕೆ ಬಂದುಹೋದ ಹ್ಯೂಯೆನ್ ತ್ಸಾಂಗ್‌ಗೆ ಇಂಥ ರೂಪಗಳು ಹಿಡಿಸಿರಲಿಲ್ಲ. 646ರ ತನ್ನ ಪ್ರವಾಸಕಥನದಲ್ಲಿ ಥಾಪ್‌-ಬಾ ಮುಂತಾದ ಹಳೆಯ ರೂಪಗಳೆಲ್ಲ ಅಪಭ್ರಂಶ ಎಂದು, ‘ಸ್ತೂಪ’ವನ್ನು ಪೂರ್ತಿ ಉಚ್ಚರಿಸುವ ಮೂರು ಅಕ್ಷರ ಬಳಸಿದ. ಪಂಡಿತ ಸರಿ, ಜನ ಕೇಳಲಿಲ್ಲ.

ಕೊನೆಯಲ್ಲಿ ‘ಪ್’ ಇತ್ತೆಂದು ಹೇಗೆ ಗೊತ್ತು? 1008ರ ‘ಗ್ವಾಂಗ್‌ಯುನ್’ ಪ್ರಾಸಕೋಶ ಉಚ್ಚಾರಣೆಯನ್ನು ಎರಡು ಅಕ್ಷರ ಕೊಟ್ಟು ಹೇಳುತ್ತದೆ: ಮೊದಲನೆಯದರಿಂದ ಆದಿ ವ್ಯಂಜನ, ಎರಡನೆಯದರಿಂದ ಉಳಿದದ್ದು. ಇದಕ್ಕೆ ಕೊಟ್ಟಿರುವುದು ‘ಥು’ ಮತ್ತು ‘ಹಾಪ್’. ಥು-ವಿನ ಥ್, ಹಾಪ್‌ನ ಆಪ್, ಕೂಡಿಸಿದರೆ ಥಾಪ್. ಇದೇ ಲೆಕ್ಕವನ್ನು ಇಂದಿನ ಮ್ಯಾಂಡರಿನ್ ಓದಿನಲ್ಲಿ ಮಾಡಿದರೆ ಉತ್ತರ ತಪ್ಪುತ್ತದೆ, ಏಕೆಂದರೆ ಆ ಎರಡನೆಯ ಅಕ್ಷರವೂ ಈ ನಡುವೆ ತನ್ನ ಪ್ ಕಳೆದುಕೊಂಡಿದೆ.

ಈಗ ಆ ಪ್‌ನ ಬೆನ್ನು ಹತ್ತೋಣ. ಉತ್ತರ ಚೀನಾದ ಮಾತಿನಲ್ಲಿ ಪದಾಂತ್ಯದ ಪ್, ತ್, ಕ್ ಮೂರೂ ಸವೆದುಹೋದವು, ಹಾಗಾಗಿ ಥಾ. ದಕ್ಷಿಣದ ಕ್ಯಾಂಟನೀಸ್‌ನಲ್ಲಿ ಪ್ ಗಟ್ಟಿಯಾಗಿದೆ. ಹೊಕ್ಕಿಯೆನ್‌ನಲ್ಲಿ ಗಂಟಲಲ್ಲಿ ಉಸಿರು ತಡೆದು ನಿಲ್ಲಿಸುವ ಒಂದು ಕಡಿತ ಮಾತ್ರ ಉಳಿದಿದೆ. ಕೊರಿಯನ್‌ನಲ್ಲಿ ತುಟಿ ಮುಚ್ಚಿ ಅಲ್ಲಿಗೇ ಬಿಡುತ್ತಾರೆ, ‘ಥಾಪು’ ಎಂದು ಎಳೆಯುವುದಿಲ್ಲ. ವ್ಯಂಜನಕ್ಕೆ ಉಕಾರ ಹಚ್ಚುವ ನಮ್ಮ ಬಸ್ಸು-ಕಾರು ಅಭ್ಯಾಸ ಇಲ್ಲಿ ಕಾಡುತ್ತದೆ. ಮುಂದೆ ಸ್ವರ ಬಂದರೆ ಅದೇ ಪ್ ಬ್ ಆಗುತ್ತದೆ: ಥಾಪ್ + ಇ = ಥಾಬಿ. ವಾಕ್ + ಈಶ = ವಾಗೀಶ ಕಲಿತವರಿಗೆ ಇದು ಸಲೀಸು.

ಜಪಾನಿಯದೇ ಸ್ವಾರಸ್ಯ. ಅಲ್ಲಿ ಪದಾಂತ್ಯದ ವ್ಯಂಜನಕ್ಕೆ ಸ್ವರ ಬೇಕೇ ಬೇಕು. ಥಾಪ್ ‘ತಾಪು’ ಆಯಿತು. ಆಮೇಲೆ ಪಕಾರ ಸಡಿಲವಾಗಿ ತಾಫು, ತಾಉ, ಕೊನೆಗೆ ತೋ. ಪಾಲು ಹಾಲಾದ, ಪುಲಿ ಹುಲಿಯಾದ ಭಾಷೆಯವರಿಗೆ ಪಕಾರ ಸಡಿಲವಾಗುವುದು ವಿಚಿತ್ರವೇನಲ್ಲ, ನಮ್ಮಲ್ಲಿ ಪದಾದಿಯಲ್ಲಿ ಆದದ್ದು ಅಲ್ಲಿ ಪದಮಧ್ಯದಲ್ಲೂ ಆಯಿತು, ಅಷ್ಟೇ. ಹಳೆಯ ಕಾನಾ (ಜಪಾನಿಯ ಉಚ್ಚಾರಣಾ ಲಿಪಿ) ಬರವಣಿಗೆಯಲ್ಲಿ ಈ ಓದನ್ನು ‘ತಾ-ಫು’ ಎಂದೇ ಬರೆಯುತ್ತಿದ್ದರು. ಇನ್ನೊಂದು ಕುರುಹು ಝೆನ್ ಮಠಗಳ ಉಪಮಂದಿರಕ್ಕಿರುವ ‘ತಚ್ಚೂ’ ಎಂಬ ಪದದಲ್ಲಿದೆ: ಇದೇ ಅಕ್ಷರದ ಮುಂದೆ ಚಕಾರ ಬಂದಾಗ ಪ್ ಉದುರದೆ ಒತ್ತಕ್ಷರವಾಗಿ ನಿಂತಿದೆ. ಹತ್ತಕ್ಕೆ ‘ಜೂ’ ಎನ್ನುವ ಜಪಾನಿಗಳು ಹತ್ತು ಪೆನ್ಸಿಲ್ ಎಣಿಸುವಾಗ ‘ಜಿಪ್ಪೊನ್’ ಎನ್ನುವುದೂ ಇದೇ ನಿಯಮದಿಂದ. ಎಣಿಕೆಯ ಪಟ್ಟಿ ಬಾಯಿಪಾಠ ಮಾಡುವ ಮೊದಲು ಇದನ್ನು ತಿಳಿದುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಕನ್ನಡಿಗರು ಹೆಚ್ಚು ಎಡವುವುದು ಮಹಾಪ್ರಾಣದಲ್ಲಿ. ರೋಮನ್ ಅಕ್ಷರದಲ್ಲಿ ಮ್ಯಾಂಡರಿನ್ ಬರೆಯುವ ಪದ್ಧತಿಯಾದ ಪಿನ್‌ಯಿನ್‌ನ ಟಿ ನಮ್ಮ ಥಕಾರದ ಹತ್ತಿರ, ಡಿ ನಮ್ಮ ತಕಾರದ ಹತ್ತಿರ. ಆಡುಮಾತಿನಲ್ಲಿ ನಾವು ‘ಕಥೆ’ಯನ್ನು ‘ಕತೆ’ ಮಾಡುವ ಹಾಗೆ ಇಲ್ಲೂ ‘ತಾ’ ಎಂದರೆ, ದನಿಯ ಏರಿಳಿತದ ಅದೇ ಮೂರನೆಯ ಟೋನ್‌ನಲ್ಲಿ ‘ಹೊಡೆ’ ಎಂಬ ಪದ ಕೇಳಿಸುತ್ತದೆ. ಕೊರಿಯನ್‌ನಲ್ಲೂ ಉಸಿರು ಬಿಡದಿದ್ದರೆ ‘ಗೋಪುರ’ ಪ್ರಶ್ನೆಗೆ ಕೊಡುವ ‘ಉತ್ತರ’ವಾಗುತ್ತದೆ. ಬರವಣಿಗೆಯಲ್ಲಿ ಗೊಂದಲ ಮಾಡುವುದು ಇದರ ಅವಳಿ: ಬಲಭಾಗ ಇದೇ, ಎಡಕ್ಕೆ ಮಣ್ಣಿನ ಬದಲು ಕೈ. ಅದರ ಓದು ಮೊದಲನೆಯ ಟೋನ್‌ನ ‘ತಾ’, ಅರ್ಥ ಚಪ್ಪರ ಕಟ್ಟು, ಜೋಡಿಸು, ಗಾಡಿ ಹತ್ತು. ಎಡದ ಉದ್ದಗೆರೆಯ ಬುಡದಲ್ಲಿ ಕೊಕ್ಕೆ ಕಂಡರೆ ಅದು ಕೈ.

ಅರ್ಥವೂ ಬುದ್ಧನ ಅಸ್ಥಿಯಿಂದ ದೂರ ಸಾಗಿದೆ. ಚೀನೀಯಲ್ಲಿ ದೀಪ + ಥಾ ಎಂದರೆ ಲೈಟ್‌ಹೌಸ್, ನೀರು + ಥಾ ಎಂದರೆ ನೀರಿನ ಟ್ಯಾಂಕು. ತಜಿಕಿಸ್ತಾನದ ಹೆಸರಿನ ಮೊದಲಕ್ಷರವೂ ಇದೇ, ಅಲ್ಲಿ ಬರೀ ಶಬ್ದಕ್ಕಾಗಿ. ವಿಯೆಟ್ನಾಮಿನಲ್ಲಿ ಮಿ ಸನ್‌ನ ಚಾಮ್ ಅರಸರ ಇಟ್ಟಿಗೆಯ ಶಿವಾಲಯಗಳನ್ನೂ ಥಾಪ್ ಎನ್ನುತ್ತಾರೆ. ಹಳೆಯ ಅರ್ಥ ಬಿಡದೆ ನಿಂತಿರುವುದು ಜಪಾನಿನ ಸ್ಮಶಾನಗಳಲ್ಲಿ: ಸಮಾಧಿಯ ಹಿಂದೆ ನಿಲ್ಲಿಸುವ, ಅಂಚಿನಲ್ಲಿ ಕಚ್ಚು ಕೊರೆದ ಉದ್ದನೆಯ ಮರದ ಹಲಗೆ. ಹೆಸರು ‘ಸೊತೋಬಾ’, ಮೂರು ಅಕ್ಷರದ ನಡುವಿನದು ಇದೇ. ಪಕ್ಕದ ‘ಬಾ’ ಚೀನಾದಲ್ಲಿ ಉದುರಿದ ಬಾಲ.