ಬಾಯಿಲ್ಲದ ಹುಳವನ್ನು ಉಪವಾಸ ಕೆಡವುವ ಮಾತ್ರೆ

ಕೈಲ್ ಪೋಳ್ದ್ ಹಬ್ಬ ಬಂತೆಂದರೆ ಕೊಡಗಿನ ಮನೆಗಳಲ್ಲಿ ಅಕ್ಕಿಯ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಹೊರಗಿನಿಂದ ಬಂದ ನೆಂಟರಲ್ಲಿ ಒಬ್ಬರಾದರೂ ತಟ್ಟೆ ನೋಡಿ ಹೇಳಿಯೇ ಹೇಳುತ್ತಾರೆ: "ಹಂದಿ ತಿಂದರೆ ಮಿದುಳಿಗೆ ಹುಳ ಹತ್ತುತ್ತಂತೆ, ಫಿಟ್ಸ್ ಬರುತ್ತಂತೆ." ಕೇಳಿ ಕೇಳಿ ಸಾಕಾಗಿದೆ.

ಲಾಡಿಹುಳುವಿನ ಲಾರ್ವ, ಅಂದರೆ ಅದರ ಎಳೆಯ ರೂಪ, ಇರುವ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಹುಳ ಬೆಳೆಯುವುದು ಕರುಳಲ್ಲಿ. ಮಿದುಳು ಸೇರುವ ಲಾರ್ವ ಬರುವುದು ಹುಳದ ಮೊಟ್ಟೆ ನುಂಗಿದಾಗ. ಆ ಮೊಟ್ಟೆ ಸಿಗುವುದು ಹಂದಿ ಮಾಂಸದಲ್ಲಲ್ಲ, ಹೊಟ್ಟೆಯಲ್ಲಿ ಲಾಡಿಹುಳು ಇಟ್ಟುಕೊಂಡಿರುವ ಮನುಷ್ಯನ ಮಲದಲ್ಲಿ. ತೊಳೆಯದ ಕೈ, ಕೆಟ್ಟ ನೀರು, ಹಸಿ ಸೊಪ್ಪು, ಇಷ್ಟು ಸಾಕು. ಅದಕ್ಕೇ ಹುಟ್ಟಿದಾಗಿನಿಂದ ಮಾಂಸ ಮುಟ್ಟದವರಿಗೂ ಈ ರೋಗ ಬರುತ್ತದೆ. ಇನ್ನು ಗಂಟೆಗಟ್ಟಲೆ ಬೇಯುವ ಪಂದಿ ಕರಿಗೆ ಕೊನೆಯಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ ಬೀಳುವ ಹೊತ್ತಿಗೆ, ಲಾರ್ವ ಇದ್ದಿದ್ದರೂ ಅದು ಸತ್ತು ಎಷ್ಟೋ ಹೊತ್ತಾಗಿರುತ್ತದೆ.

ಲಾರ್ವ ಬೇರೆ, ಲಾಡಿಹುಳು ಬೇರೆ ಎಂದೇ ಒಂದು ಕಾಲದಲ್ಲಿ ಬಹಳ ಮಂದಿ ನಂಬಿದ್ದರು. 1855ರಲ್ಲಿ ಜರ್ಮನಿಯ ವೈದ್ಯ ಕುಖೆನ್‌ಮೈಸ್ಟರ್ ಮರಣದಂಡನೆಗೆ ಕಾಯುತ್ತಿದ್ದ ಒಬ್ಬ ಖೈದಿಯ ಊಟದಲ್ಲಿ ಹಂದಿ ಮಾಂಸದಲ್ಲಿದ್ದ ಲಾರ್ವಗಳನ್ನು ಬೆರೆಸಿದ. ದಂಡನೆಯ ನಂತರ ಕರುಳು ತೆರೆದು ನೋಡಿದರೆ ಎಳೆಯ ಲಾಡಿಹುಳುಗಳು. ಇವತ್ತಾಗಿದ್ದರೆ ಜೈಲಿಗೆ ಹೋಗುತ್ತಿದ್ದದ್ದು ಆ ವೈದ್ಯನೇ, ಅಲ್ವಾ? 1961ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಲಾರ್ವದ ರೋಗವಿದ್ದ 450 ಮಂದಿಯ ವರದಿ ಬಂತು. ಹೆಚ್ಚಿನವರು ಭಾರತದಲ್ಲಿ ಕೆಲಸ ಮಾಡಿ ಹೋದ ಸೈನಿಕರು. ಎಷ್ಟೋ ಜನರಿಗೆ ಫಿಟ್ಸ್ ಶುರುವಾದದ್ದು ಊರಿಗೆ ಮರಳಿ ವರ್ಷಗಳಾದ ಮೇಲೆ.

ಅಷ್ಟು ವರ್ಷ ಆ ಲಾರ್ವ ತಲೆಯೊಳಗೆ ಏನು ತಿಂದುಕೊಂಡಿತ್ತು? ನನ್ನನ್ನು ಹಿಡಿದಿಟ್ಟ ಪ್ರಶ್ನೆ ಇದು.

ಲಾರ್ವ ಅಂದರೆ ಅರ್ಧದಿಂದ ಒಂದು ಸೆಂಟಿಮೀಟರ್ ಗಾತ್ರದ ನೀರುಗುಳ್ಳೆ. ಅದಕ್ಕೆ ಬಾಯಿಲ್ಲ, ಕರುಳಿಲ್ಲ. ಊಟವೆಲ್ಲ ಚರ್ಮದ ಮೂಲಕವೇ. ಸುತ್ತಲಿನ ಗ್ಲೂಕೋಸನ್ನು ಚರ್ಮದಿಂದಲೇ ಹೀರಿ, ಮಿಕ್ಕಿದ್ದನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ.

ಆ ಗ್ಲೂಕೋಸನ್ನು ಅದು ಉರಿಸುವ ರೀತಿಯೇ ವಿಚಿತ್ರ. ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ ತೆಗೆಯುತ್ತವೆ. ಎಟಿಪಿ ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಕಣ. ಉಸಿರಾಟದ ಸರಪಳಿಯಲ್ಲಿ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ, ಕೊನೆಗೆ ಅವನ್ನು ತೆಗೆದುಕೊಳ್ಳುವುದು ಆಮ್ಲಜನಕ. ಲಾಡಿಹುಳು ಆಮ್ಲಜನಕವನ್ನು ನೆಚ್ಚಿಕೊಂಡಿಲ್ಲ. ಕೋಶದೊಳಗೆ ಶಕ್ತಿ ತಯಾರಾಗುವ ಜಾಗವಾದ ಅದರ ಮೈಟೊಕಾಂಡ್ರಿಯಾದಲ್ಲಿ ಆ ಎಲೆಕ್ಟ್ರಾನುಗಳನ್ನು ಫ್ಯೂಮರೇಟ್ ಎಂಬ ವಸ್ತು ತೆಗೆದುಕೊಂಡು ಸಕ್ಸಿನೇಟ್ ಆಗುತ್ತದೆ. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು: ಸಕ್ಸಿನೇಟ್ ಹೋಗಿ ಫ್ಯೂಮರೇಟ್ ಆಗುತ್ತದೆ. ಹುಳ ಅದೇ ಹೆಜ್ಜೆಯನ್ನು ಹಿಂದು ಮುಂದಾಗಿ ಇಡುತ್ತದೆ. ಅದಕ್ಕೆಂದೇ ಫ್ಯೂಮರೇಟ್ ರಿಡಕ್ಟೇಸ್ ಎಂಬ ಕಿಣ್ವವಿದೆ, ಆ ಕಿಣ್ವಕ್ಕೆ ಎಲೆಕ್ಟ್ರಾನು ತಲುಪಿಸುವ, ನಮ್ಮಲ್ಲಿಲ್ಲದ ರೋಡೋಕ್ವಿನೋನ್ ಎಂಬ ವಸ್ತುವಿದೆ. ಆಮ್ಲಜನಕವಿಲ್ಲದೆ ಗ್ಲೂಕೋಸನ್ನು ಒಡೆದು ಲ್ಯಾಕ್ಟೇಟ್ ಮಾತ್ರ ಮಾಡಿದ್ದರೆ ಒಂದು ಗ್ಲೂಕೋಸಿಗೆ 2 ಎಟಿಪಿ ಸಿಗುತ್ತಿತ್ತು. ಈ ದಾರಿಯಲ್ಲಿ ಅದಕ್ಕಿಂತ ಜಾಸ್ತಿ, ನಮ್ಮದಕ್ಕಿಂತ ಎಷ್ಟೋ ಕಮ್ಮಿ. ಸುಮ್ನೆ ಒಂದು ಕಡೆ ಕೂತಿರುವ ಜೀವಕ್ಕೆ ಅಷ್ಟು ಧಾರಾಳ. ಸಕ್ಸಿನೇಟ್, ಲ್ಯಾಕ್ಟೇಟ್, ಅಸಿಟೇಟ್ ಎಲ್ಲವನ್ನೂ ಅದು ಕಸದಂತೆ ಹೊರಗೆ ಬಿಡುತ್ತದೆ.

ಈಗ ಈ ಲಾರ್ವವನ್ನು ಕೊಲ್ಲುವ ಔಷಧ, ಆಲ್ಬೆಂಡಜೋಲ್. ಶಾಲೆಯಲ್ಲಿ ಜಂತುಹುಳುವಿಗೆ ಕೊಡುವ ಮಾತ್ರೆಯಲ್ಲಿ ಇರುವುದೂ ಇದೇ. ಇದನ್ನು ಸುಮಾರು ಜನ ವಿಷ ಎಂದುಕೊಂಡಿದ್ದಾರೆ. ಇದರ ಮುಖ್ಯ ಕೆಲಸ ಬೇರೆ. ಹುಳದ ಕೋಶಗಳಲ್ಲಿ ಟ್ಯೂಬುಲಿನ್ ಎಂಬ ಪ್ರೋಟೀನ್ ಸೇರಿ ಸಣ್ಣ ಕೊಳವೆಗಳಾಗುತ್ತವೆ, ಸಾಮಾನು ಸಾಗುವುದು ಅವುಗಳ ಮೇಲೆ. ಆಲ್ಬೆಂಡಜೋಲ್ ಆ ಟ್ಯೂಬುಲಿನ್‌ಗೆ ಅಂಟಿಕೊಂಡು ಕೊಳವೆ ಕಟ್ಟಿಕೊಳ್ಳದಂತೆ ಮಾಡುತ್ತದೆ. ನಮ್ಮ ಟ್ಯೂಬುಲಿನ್‌ಗಿಂತ ಹುಳದ್ದಕ್ಕೇ ಅದು ಹೆಚ್ಚು ಅಂಟುವುದು. ಸಾಗಾಟ ನಿಂತರೆ ಚರ್ಮ ಹಾಳಾಗುತ್ತದೆ, ಗ್ಲೂಕೋಸ್ ಒಳಗೆ ಬರುವುದು ನಿಲ್ಲುತ್ತದೆ. 2018ರ ಮಳೆಯಲ್ಲಿ ಗುಡ್ಡ ಕುಸಿದು ದಾರಿ ಕಡಿದುಹೋದಾಗ ಕೊಡಗಿನ ಒಳಗಿನ ಮನೆಗಳ ಪಾಡನ್ನು ನೆನೆಸಿಕೊಳ್ಳಿ. ಪೇಟೆಯಲ್ಲಿ ಅಂಗಡಿ ತೆರೆದಿದೆ, ಅಕ್ಕಿ ಇದೆ, ಮನೆಗೆ ಬರುವುದಿಲ್ಲ. ಕಣಜದಲ್ಲಿ ಇರುವಷ್ಟು ದಿನ ಊಟ. ಲಾರ್ವದ ಕಣಜ ಗ್ಲೈಕೋಜನ್. ಅದು ಬರಿದಾದ ಮೇಲೆ ಎಟಿಪಿ ಇಳಿಯುತ್ತದೆ. ಸಾವು ಗಂಟೆಗಳಲ್ಲಿ ಬರುವುದಿಲ್ಲ, ದಿನಗಳೇ ಬೇಕು. ಮಿದುಳಿನ ಲಾರ್ವಕ್ಕೆ ವೈದ್ಯರು ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಮಾತ್ರೆ ಕೊಡುವುದು ಇದಕ್ಕೇ. ಶಾಲೆಯ ಒಂದು ಮಾತ್ರೆ ಅದಕ್ಕೆ ಸಾಲದು.

ಹಸಿದ ಲಾರ್ವ ಸುಮ್ಮನೆ ಕೂರುವುದಿಲ್ಲ. ಬ್ರೆಜಿಲ್‌ನ ಗೋಯಾಸ್‌ನಲ್ಲಿ ಸಂಶೋಧಕರು ಇಲಿಗಳಲ್ಲಿ ಬೆಳೆಯುವ ಟೀನಿಯಾ ಕ್ರಾಸಿಸೆಪ್ಸ್ ಎಂಬ ಹತ್ತಿರದ ಸಂಬಂಧಿಯ ಲಾರ್ವಗಳಿಗೆ ಔಷಧ ಕೊಟ್ಟು, ಅವು ಮಾಡುವ ಆಮ್ಲಗಳನ್ನು ಅಳೆದಿದ್ದಾರೆ. ಗ್ಲೂಕೋಸ್ ಸಿಗದಾಗ ಲಾರ್ವ ಪ್ರೋಟೀನ್, ಕೊಬ್ಬಿನ ಕಡೆ ಕೈಚಾಚುವ ಗುರುತುಗಳು ಅಲ್ಲಿ ಕಂಡಿವೆ.

ಇನ್ನೊಂದು ಔಷಧ ಪ್ರಾಜಿಕ್ವಾಂಟೆಲ್. ಅದು ಹುಳದೊಳಗೆ ಕ್ಯಾಲ್ಸಿಯಂ ನುಗ್ಗಿಸಿ ಸ್ನಾಯುಗಳನ್ನು ಸೆಟೆದು ನಿಲ್ಲಿಸುತ್ತದೆ, ಚರ್ಮವನ್ನೂ ಹರಿಯುತ್ತದೆ. ಮಿದುಳಲ್ಲಿ ಹಲವು ಗುಳ್ಳೆಗಳಿದ್ದರೆ ಎರಡೂ ಔಷಧ ಒಟ್ಟಿಗೆ ಕೊಟ್ಟಾಗ ಗುಣ ಹೆಚ್ಚು ಎಂದು ಪೆರುವಿನಲ್ಲಿ ನಡೆದ ಪ್ರಯೋಗ 2014ರಲ್ಲಿ ತೋರಿಸಿತು.

ಚಿಕಿತ್ಸೆಯ ಮಧ್ಯೆ ಫಿಟ್ಸ್ ಜಾಸ್ತಿಯಾಗುವುದುಂಟು. ಆಗ ಮನೆಯವರು "ಮಾತ್ರೆ ಆಗಿಬರಲಿಲ್ಲ, ಇದು ಬೇರೆ ಏನೋ ಸೋಕಿದ್ದು" ಎಂದು ಮಂತ್ರವಾದಿಯ ಮನೆಗೆ ಓಡುತ್ತಾರೆ. ನನಗೆ ಭಯವಾಗುವುದು ಇಲ್ಲೇ. ಬದುಕಿರುವ ಲಾರ್ವ ನಮ್ಮ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸಿಕೊಂಡಿರುತ್ತದೆ. ಸಾಯುತ್ತಾ ಒಡೆದಾಗ ಒಳಗಿನದ್ದೆಲ್ಲ ಸೋರಿ, ದೇಹ ಅದರ ಮೇಲೆ ಮುಗಿಬಿದ್ದು, ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ಆ ಊತ ತಡೆಯಲೆಂದೇ ಜೊತೆಗೆ ಸ್ಟೀರಾಯ್ಡ್ ಕೊಡುತ್ತಾರೆ. ಅರ್ಧಕ್ಕೆ ಮಾತ್ರೆ ಬಿಟ್ಟರೆ ಕೆಟ್ಟಿತು. ಇನ್ನು ಆಲ್ಬೆಂಡಜೋಲನ್ನು ಜಿಡ್ಡಿರುವ ಊಟದ ಜೊತೆ ತೆಗೆದುಕೊಳ್ಳಿ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಸೇರುವುದು ತೀರಾ ಕಮ್ಮಿ.

ಕೆಲವರ ಸಿಟಿ ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆ ಮಾತ್ರ ಕಾಣುತ್ತದೆ. ಅದು ಎಂದೋ ಸತ್ತು ಸುಣ್ಣಗಟ್ಟಿದ ಲಾರ್ವ. ಗ್ಲೂಕೋಸ್ ಹೀರದ ಅದರ ಮೇಲೆ ಆಲ್ಬೆಂಡಜೋಲ್‌ಗೆ ಕೆಲಸವಿಲ್ಲ. ಅಂಥವರಿಗೆ ಹುಳದ ಮಾತ್ರೆ ಬೇಡ. ಫಿಟ್ಸ್ ಇದ್ದರೆ ಅದನ್ನು ತಡೆಯುವ ಮಾತ್ರೆ ಕೊಡುತ್ತಾರೆ, ವೈದ್ಯರು ಹೇಳುವ ತನಕ ಅದನ್ನು ನಿಲ್ಲಿಸುವಂತಿಲ್ಲ.